ಚಕ್ರದ ಬೀಗ ಒಂದೇ ಸಾಲ್ತಿಲ್ಲೆ

ಸೈಕಲ್ ಸಂಗ್ತಿಗೇ ಬಪ್ಪ ಹಿಂದಿನ ಚಕ್ರದ ಬೀಗ ಸಾಕು ಹೇಳಿ ಆನೂ ನಂಬಿದ್ದಿ. 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಗೆ ಸೈಕಲ್ ಕೊಡಲೆ ಶುರು ಮಾಡಿತ್ತಲೆ, ಎರಡು ವರ್ಷ ಬಿಟ್ಟು ಯಮ್ಮನೆ ಕೂಸಿಗೂ ಸಿಕ್ತು. ದಿನಾ ಕ್ರಾಸಲ್ಲಿ ನಿಲ್ಸಿ, ಬೀಗ ಹಾಕಿ, ಸಾಗರದ ಬಸ್ ಹತ್ತತಿತ್ತು. ಒಂದಿನ ಸಂಜೆ ಬಂದು ನೋಡಿದ್ರೆ ಸೈಕಲ್ಲೇ ಇಲ್ಲೆ! ಆ ಬೀಗ ಚಕ್ರ ತಿರುಗದ ಹಾಂಗೆ ಮಾಡ್ತು ಅಷ್ಟೆ. ಎತ್ತಿ ಗಾಡಿಗೆ ಹಾಕ್ಯಂಡು ಹೋಪವಂಗೆ ಅದರಿಂದ ಎಂತ ತೊಂದರೆ? ಆ ಮಳೆಗಾಲ ಕೂಸು ನಡೆದೇ ಹೋತು, ಸುಮಾರು ದಿನ ಶಾಲೆಯೂ ತಪ್ಪಿತು.

ಈಗ ತಮ್ಮನ ಮಗಳಿಗೆ ಸೈಕಲ್ ಬೈಂದು. ಚೈನ್ ಬೀಗ ತಪ್ಪಲೆ ಅದನ್ನೂ ಕರ್ಕಂಡು ಆನೇ ಪ್ಯಾಟಿಗೆ ಹೋದಿ. ತೆಳು ವೈರಿನ ಬೀಗ ಹಗುರ, ಆದ್ರೆ ಕಟಿಂಗ್ ಪ್ಲೇಯರಿಗೇ ತುಂಡಾಗ್ತು. ಬೈಕಿನ ದಪ್ಪ ಸರಪಳಿ ಗಟ್ಟಿ, ಆದ್ರೆ ಪುಸ್ತಕದ ಚೀಲದ ಸಂಗ್ತಿಗೆ ಅದನ್ನ ಯಾರು ಹೊರ್ತ? ನಾಲ್ಕು ದಿನಕ್ಕೆ ಮನೇಲೇ ಬಿಟ್ಟಿಕ್ಕಿ ಹೋಗ್ತು. ಹಾಂಗಾಗಿ ಹೊರುವ ಮಕ್ಕಳ ಕೈಲೇ ಕೊಟ್ಟು ನೋಡಿ, ಮಧ್ಯದ್ದು ತಗಳಿ. ಹಿಂದಿನ ಚಕ್ರ, ಸೈಕಲ್ಲಿನ ಚೌಕಟ್ಟು ಎರಡನ್ನೂ ಸೇರ್ಸಿ ಕಂಬಕ್ಕೆ ಸುತ್ತುವಷ್ಟು ಉದ್ದ ಇರವು. ಯಂಗಳ ಮಳೆಗೆ ಬೀಗದ ಬಾಯಿ ತುಕ್ಕು ಹಿಡೀತು. ಆಗಾಗ ಹೊಲಿಗೆ ಮಿಷನ್ನಿನ ಎಣ್ಣೆ ಎರಡು ಹನಿ ಬಿಡವು.

"ಒಂದು ಬೀಗಕ್ಕೆ ಅಷ್ಟು ದುಡ್ಡಾ?" ಹೇಳಿ ಯಮ್ಮನೆಯವ್ರು ಕೇಳಿದ್ರು. ಅದು ಬೀಗದ ದುಡ್ಡಲ್ಲ, ಕೂಸಿನ ಶಾಲೆ ದುಡ್ಡು ಹೇಳಿದಿ. ಮತ್ತೆ ಮಾತಾಡಿದ್ವಿಲ್ಲೆ.