ಜಿಡಿಪಿ ಬಿಡಿ, ದಿನಸಿ ಚೀಟಿ ತೋರಿಸಿ

ಇಂಜಿನಿಯರಿಂಗ್ ಓದುವಾಗ ಉತ್ತರ ಸರಿ ಇದ್ದರೂ ಯೂನಿಟ್ ಬರೆಯದಿದ್ದರೆ ನಮ್ಮ ಮೇಷ್ಟ್ರು ಮಾರ್ಕ್ಸ್ ಕೊಡ್ತಿರಲಿಲ್ಲ. ಯುರೋಪಿನ ದೇಶಗಳನ್ನು ಹೋಲಿಸುವ ಚಾರ್ಟ್ ನೋಡಿದಾಗಲೆಲ್ಲ ಅವರು ನೆನಪಾಗ್ತಾರೆ.

ಐರ್ಲೆಂಡನ್ನೇ ತಗೊಳ್ಳಿ. 2023ರಲ್ಲಿ ಅದರ ತಲಾ ಜಿಡಿಪಿ, ಬೆಲೆ ವ್ಯತ್ಯಾಸ ಸರಿಹೊಂದಿಸಿದ ಮೇಲೂ, ಯುರೋಪಿಯನ್ ಒಕ್ಕೂಟದ ಸರಾಸರಿಯ ಎರಡು ಪಟ್ಟಿಗಿಂತ ಹೆಚ್ಚು. ಹಾಗಾದ್ರೆ ಐರಿಶ್ ಜನ ಎರಡು ಪಟ್ಟು ಚೆನ್ನಾಗಿ ಬದುಕ್ತಿದ್ದಾರಾ? ಇಲ್ಲ. ಜನ ನಿಜಕ್ಕೂ ಬಳಸುವ ಸರಕು-ಸೇವೆಗಳನ್ನು ಅಳೆದರೆ ಆ ದೇಶ ಸರಾಸರಿಯ ಆಸುಪಾಸಿಗೆ ಇಳಿಯುತ್ತದೆ. ಬಹುರಾಷ್ಟ್ರೀಯ ಕಂಪನಿಗಳು ಅಲ್ಲಿ ತೋರಿಸುವ ಲಾಭ ಜಿಡಿಪಿಗೆ ಸೇರುತ್ತದೆ, ಡಬ್ಲಿನ್‌ನ ಅಡುಗೆಮನೆಗೆ ಸೇರುವುದಿಲ್ಲ.

ಇನ್ನೊಂದು ಅಳತೆ ಹಳೆಯದು. ಆದಾಯ ಏರಿದಂತೆ ಖರ್ಚಿನಲ್ಲಿ ಊಟದ ಪಾಲು ಇಳಿಯುತ್ತದೆ ಎಂದು 1857ರಲ್ಲೇ ಜರ್ಮನ್ ಸಂಖ್ಯಾಶಾಸ್ತ್ರಜ್ಞ ಅರ್ನ್ಸ್ಟ್ ಎಂಗೆಲ್ ತೋರಿಸಿದ್ದರು. (ಮಾರ್ಕ್ಸ್ ಗೆಳೆಯ ಎಂಗೆಲ್ಸ್ ಬೇರೆ, ಇವರು ಬೇರೆ!) ಇತ್ತೀಚಿನ ವರ್ಷಗಳಲ್ಲಿ ರೊಮೇನಿಯಾದ ಕುಟುಂಬಗಳ ಖರ್ಚಿನಲ್ಲಿ ಸುಮಾರು ಕಾಲು ಭಾಗ ಆಹಾರಕ್ಕೇ ಹೋಗಿದೆ. ಐರ್ಲೆಂಡ್‌ನಲ್ಲಿ ಅದು ಶೇ 10ಕ್ಕಿಂತ ಕಡಿಮೆ. ಆಹಾರದ ಬೆಲೆ ಶೇ 10ರಷ್ಟು ಏರಿದರೆ, 100 ಯೂರೋ ಖರ್ಚಿನಲ್ಲಿ ರೊಮೇನಿಯಾದವರಿಗೆ ಎರಡೂವರೆ ಯೂರೋ ಹೊರೆ. ಐರಿಶ್ ಮನೆಗೆ ಒಂದು ಯೂರೋ ಕೂಡ ಇಲ್ಲ. 2022ರ ಕೊನೆಗೆ ಹಂಗೇರಿಯಲ್ಲಿ ಆಹಾರದ ಹಣದುಬ್ಬರ ಶೇ 40 ದಾಟಿತ್ತು. ಆ ಏಟು ಮೊದಲು ಬಿದ್ದದ್ದು ಬಡವರ ತಟ್ಟೆಗೆ.

ಫೋನ್, ಫ್ರಿಜ್‌ಗಳ ಕಥೆ ಉಲ್ಟಾ. ಕ್ಷೌರ, ಮನೆ ಬಾಡಿಗೆ ಪೂರ್ವ ಯುರೋಪಿನಲ್ಲಿ ಅಗ್ಗ. ಆದರೆ ಎಲೆಕ್ಟ್ರಾನಿಕ್ಸ್ ಬೆಲೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ, ಸಂಬಳ ಮಾತ್ರ ಬೇರೆ ಬೇರೆ. 2024ರ ಜನವರಿಯಲ್ಲಿ ಬಲ್ಗೇರಿಯಾದ ಕನಿಷ್ಠ ವೇತನ ತಿಂಗಳಿಗೆ 477 ಯೂರೋ, ಲಕ್ಸೆಂಬರ್ಗ್‌ನದ್ದು 2,571. ಅಂದರೆ 477 ಯೂರೋದ ಫೋನ್ ಒಬ್ಬರಿಗೆ ಇಡೀ ತಿಂಗಳ ದುಡಿಮೆ, ಇನ್ನೊಬ್ಬರಿಗೆ ಸಂಬಳದ ಐದನೇ ಒಂದು ಭಾಗಕ್ಕೂ ಕಡಿಮೆ. ಮೇಲಿಂದ ತೆರಿಗೆ: ಹಂಗೇರಿಯ ಸಾಮಾನ್ಯ ವ್ಯಾಟ್ ದರ ಶೇ 27, ಒಕ್ಕೂಟದಲ್ಲೇ ಅತಿ ಹೆಚ್ಚು. ಶ್ರೀಮಂತ ಲಕ್ಸೆಂಬರ್ಗ್‌ನಲ್ಲಿ ಶೇ 17, ಅತಿ ಕಡಿಮೆ!

ಇದು ನಮಗ್ಯಾಕೆ ಅಂತೀರಾ? ಕೇಂದ್ರ ಸರ್ಕಾರದ 2022-23ರ ಕುಟುಂಬ ವೆಚ್ಚ ಸಮೀಕ್ಷೆ ಪ್ರಕಾರ ಗ್ರಾಮೀಣ ಭಾರತದ ಖರ್ಚಿನಲ್ಲಿ ಆಹಾರದ ಪಾಲು ಶೇ 46. ರೊಮೇನಿಯಾಗಿಂತಲೂ ಎಷ್ಟೋ ಮೇಲೆ. ಹಾಗಾಗಿ ಯಾರಾದರೂ ಜಿಡಿಪಿ ರ್‍ಯಾಂಕ್ ಹಿಡಿದು ಎದೆ ತಟ್ಟಿಕೊಂಡರೆ ನಮ್ಮ ಮೇಷ್ಟ್ರ ಥರ ಕೇಳಿ: ಯೂನಿಟ್ ಎಲ್ಲಿ ಸ್ವಾಮಿ?