ಮನೆಯೊಡೆಯನ ಕೊಳವೆ

ಮಳೆಗಾಲದಲ್ಲಿ ಬೀದಿಯ ಆಳುಗುಂಡಿ ಉಕ್ಕಿ ಹರಿದೊಡನೆ ಜಲಮಂಡಳಿಯನ್ನು ದೂಷಿಸುವುದು ಬೆಂಗಳೂರಿಗರಿಗೆ ರೂಢಿಯಾಗಿದೆ. ಆ ದೂಷಣೆಯಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಮಂಡಳಿಯ ಹೊಣೆ ಬೀದಿಯ ಕೊಳವೆಯದು. ಶೌಚಗೃಹ, ಬಚ್ಚಲು, ಅಡುಗೆಮನೆಗಳ ಮಲಿನಜಲವನ್ನು ನಿವೇಶನದ ಎಲ್ಲೆಯೊಳಗೆ ಸಾಗಿಸುವ ಕೊಳವೆ ಮನೆಯೊಡೆಯನ ಸ್ವತ್ತು, ಅದರ ಪಾಲನೆಯೂ ಅವನದೇ ಕರ್ತವ್ಯ. ನೀರಿನ ಬಿಲ್ಲಿನೊಡನೆ ಒಳಚರಂಡಿಯ ಶುಲ್ಕವನ್ನೂ ತೆರುತ್ತಿರುವೆವಲ್ಲ ಎಂಬ ಸಮಾಧಾನ ಇಲ್ಲಿ ಸಲ್ಲದು.

4 ಅಂಗುಲದ ಕೊಳವೆಗೆ 40 ಅಡಿಗೆ 1 ಅಡಿಯಷ್ಟು ಇಳಿಜಾರಿರಬೇಕೆಂಬುದು ಕಟ್ಟಡದ ಕಸುಬಿನವರು ಅರಿತ ಲೆಕ್ಕ. ಹಳೆಯ ಬಡಾವಣೆಗಳಲ್ಲಿ ಒಂದು ಸಂಸಾರಕ್ಕೆಂದು ಹೂಳಿದ ಸುಟ್ಟಮಣ್ಣಿನ ಕೊಳವೆಗಳು ನೆಲ ಕುಸಿದು ಆ ಇಳಿಜಾರನ್ನು ಕಳೆದುಕೊಂಡು, ಸಂದುಗಳ ಸಿಮೆಂಟು ಬಿರಿದು, ತೇವವನ್ನರಸಿ ಬಂದ ಮರದ ಬೇರುಗಳು ಒಳನುಗ್ಗಿ, ಅಡುಗೆಯ ಜಿಡ್ಡು ಆ ಬೇರುಗಳಿಗೆ ಮೆತ್ತಿಕೊಂಡು ಗಟ್ಟಿಯಾಗುತ್ತಿರುವಾಗಲೇ, ಮೇಲೆ ಮೂರು ಅಂತಸ್ತು ಎದ್ದು ಆರು ಸಂಸಾರಗಳು ಬಾಡಿಗೆಗೆ ಬಂದಿರುತ್ತವೆ. ಇದಕ್ಕಿಂತಲೂ ಘೋರವಾದ ಅಪಚಾರ ಇನ್ನೊಂದುಂಟು: ತಾರಸಿಯ ಮಳೆನೀರನ್ನು ಗುಟ್ಟಾಗಿ ಒಳಚರಂಡಿಗೆ ಸೇರಿಸುವುದು. ಮಳೆಯ ಭಾರಕ್ಕೆಂದು ರಚಿತವಾಗದ ಆ ಕೊಳವೆ ತುಂಬಿ, ತಗ್ಗಿನಲ್ಲಿರುವ ನಿರಪರಾಧಿ ನೆರೆಯವನ ಬಚ್ಚಲಿನಲ್ಲಿ ಪರರ ಮಲ ಮೇಲೇಳುತ್ತದೆ.

ಕೊಳವೆ ಕಟ್ಟಿದ ದಿನ ಯಾರನ್ನು ಕರೆಯುತ್ತೇವೆ? ಬಿದಿರಿನ ದಬ್ಬೆ ಹಿಡಿದ ಒಬ್ಬ ಬಡವನನ್ನು. ದಬ್ಬೆಗೆ ಬಗ್ಗದಿದ್ದರೆ ಅವನನ್ನೇ ಗುಂಡಿಗೆ ಇಳಿಸುತ್ತೇವೆ. ಅಲ್ಲಿ ಸಂಚಿತವಾಗುವ ಹೈಡ್ರೋಜನ್ ಸಲ್ಫೈಡ್ ಅನಿಲವು ಮೊದಲು ಕೊಳೆತ ಮೊಟ್ಟೆಯಂತೆ ನಾರಿ, ಪ್ರಮಾಣ ಹೆಚ್ಚಿದೊಡನೆ ಘ್ರಾಣಶಕ್ತಿಯನ್ನೇ ಕುಂದಿಸುವುದರಿಂದ, ವಾಸನೆ ಹೋಯಿತೆಂದು ಧೈರ್ಯಗೊಂಡವನು ಕ್ಷಣಮಾತ್ರದಲ್ಲಿ ಪ್ರಜ್ಞೆ ತಪ್ಪುತ್ತಾನೆ. ರಕ್ಷಣಾಸಾಧನಗಳಿಲ್ಲದೆ ಮನುಷ್ಯನನ್ನು ಚರಂಡಿಗೋ ಮಲಗುಂಡಿಗೋ ಇಳಿಸುವುದನ್ನು ಮಲಹೊರುವ ಪದ್ಧತಿಯ ವಿರುದ್ಧದ 2013ರ ಕಾಯಿದೆ ಯಾವ ವ್ಯಕ್ತಿಗೂ ನಿಷೇಧಿಸಿದೆ. ಮನೆಯೊಡೆಯನೂ ಅದಕ್ಕೆ ಹೊರತಲ್ಲ. ಮೊದಲ ಅಪರಾಧಕ್ಕೇ 2 ವರ್ಷದವರೆಗೆ ಸೆರೆ, 2 ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಚರಂಡಿಯಲ್ಲಿ ಸತ್ತವನ ಕುಟುಂಬಕ್ಕೆ ಸಲ್ಲಬೇಕಾದ ಪರಿಹಾರವನ್ನು ಸರ್ವೋಚ್ಚ ನ್ಯಾಯಾಲಯ 2023ರಲ್ಲಿ 30 ಲಕ್ಷಕ್ಕೆ ಏರಿಸಿತು. ಆದರೆ ಹೋದ ಜೀವಕ್ಕೆ ಯಾವ ಮೊತ್ತ ಸಮನಾದೀತು?

ಮುಂಗಾರಿಗೆ ಮುನ್ನ ಅಂಗಳದ ತಪಾಸಣಾ ಗುಂಡಿಯ ಮುಚ್ಚಳವನ್ನು ತೆರೆದು ನೋಡುವುದು, ಹೂಳಿದ್ದರೆ ಜೆಟ್ಟಿಂಗ್ ಯಂತ್ರದಿಂದ ತೆಗೆಸುವುದು, ತಾರಸಿಯ ನೀರನ್ನು ಇಂಗುಗುಂಡಿಗೆ ತಿರುಗಿಸುವುದು, ಇವು ಯಾವ ಗೃಹಸ್ಥನಿಗೂ ಮೀರಿದ ಕಾರ್ಯಗಳಲ್ಲ. ಆದರೂ ಸ್ವಯಂಪ್ರೇರಣೆಯನ್ನೇ ನಂಬಿ ಕೂರುವುದು ಸಾಧುವಲ್ಲವಾದ್ದರಿಂದ, ಅಂತಸ್ತು ಏರಿಸಲು ಅನುಮತಿ ಕೋರುವವನೂ ಹಳೆಯ ಮನೆಯನ್ನು ಮಾರುವವನೂ ಕೊಳವೆಯ ನಕ್ಷೆಯನ್ನೂ ಅದರ ತಪಾಸಣೆಯ ಪತ್ರವನ್ನೂ ಕಡ್ಡಾಯವಾಗಿ ಒಪ್ಪಿಸತಕ್ಕದ್ದೆಂಬ ಕಟ್ಟಳೆಯನ್ನು ಸರ್ಕಾರ ತರಬೇಕು.