ಕ್ರಿಸ್‌ಮಸ್ ಕಳ್ಳಿಯೂ ಬೇಲಿಯ ಅವರೆಯೂ: ಗಿಡಕ್ಕೂ ಇರುಳು ಬೇಕು

ರೈತರ ಪುಟದಲ್ಲಿ ಹೂಕುಂಡದ ಮಾತೇಕೆ ಎಂದು ವಾಚಕರು ಕೇಳಬಹುದು. ಬೋರಿನಲ್ಲಿ ನೀರು ಇಳಿದಿದೆ, ರಾಗಿ ಹೊಲಕ್ಕೆ ಆನೆ ನುಗ್ಗುತ್ತಿದೆ, ಈ ಮೇಷ್ಟ್ರಿಗೆ ಹೂವಿನ ಚಿಂತೆ ಎಂದು ನಗುವವರೂ ಉಂಟು. ನಗಲಿ, ತಪ್ಪಿಲ್ಲ. ನಮ್ಮ ಮನೆಯ ಜಗಲಿಯ ಮೇಲಿನ ಒಂದು ಕುಂಡ ಎರಡು ವರ್ಷ ಹೂ ಬಿಡದೆ ನಿಂತು ನನಗೊಂದು ಪಾಠ ಹೇಳಿತು. ಆ ಪಾಠ ಹೊಲಕ್ಕೂ ಸಲ್ಲತಕ್ಕದ್ದಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಕ್ರಿಸ್‌ಮಸ್ ಕಳ್ಳಿ ಎಂಬ ಈ ಗಿಡವನ್ನು ಕೊಟ್ಟವರು ನೀಲಗಿರಿ ಕಡೆಯ ನನ್ನ ಹಿರಿಯ ಸಹೋದ್ಯೋಗಿಗಳು. ಮೂರು ಗೆಣ್ಣಿನ ಒಂದು ತುಂಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಇದರಲ್ಲಿ ಎಲೆಯಂತೆ ಕಾಣುವುದೆಲ್ಲ ನಿಜವಾಗಿ ಚಪ್ಪಟೆಯಾದ ಕಾಂಡ. ಒಂದರ ತುದಿಗೆ ಇನ್ನೊಂದು ಪೋಣಿಸಿದಂತೆ ಬೆಳೆದು ಕುಂಡದ ಅಂಚಿನಿಂದ ಜೋತುಬೀಳುತ್ತದೆ. ಚಳಿಗಾಲದಲ್ಲಿ ಆ ತುದಿಗಳಿಂದ ಗುಲಾಬಿ ಬಣ್ಣದ ಹೂಗಳು ಇಳಿಯುತ್ತವೆ.

ಕಳ್ಳಿ ಎಂಬ ಹೆಸರೇ ಮೊದಲ ಮೋಸ. ಹೆಸರು ಕೇಳಿದವರು ಪಾಪಸುಕಳ್ಳಿಯನ್ನು ನೆನೆದು ಇದನ್ನು ಉರಿಬಿಸಿಲಿಗಿಟ್ಟು ನೀರು ಕೊಡದೆ ಒಣಗಿಸುತ್ತಾರೆ. ಇದರ ತವರು ಮರಳುಗಾಡಲ್ಲ. ಬ್ರೆಜಿಲ್ ದೇಶದಲ್ಲಿ ರಿಯೊ ಡಿ ಜನೈರೊ ನಗರಕ್ಕೆ ಹತ್ತಿರದ ಬೆಟ್ಟಸಾಲುಗಳ ಮಂಜುಕವಿದ ಕಾಡಿನಲ್ಲಿ, ಮರದ ಕವಲುಗಳ ಮೇಲೆ, ಬಂಡೆಯ ಸಂದುಗಳಲ್ಲಿ ಇದರ ಮೂಲ ಜಾತಿಗಳು ಬೆಳೆಯುತ್ತವೆ. ಬಂದಳಿಕೆಯಂತೆ ಮರದ ರಸ ಹೀರುವ ಗಿಡವಲ್ಲ; ಸೀತಾಳೆಯ ಹಾಗೆ ಆಸರೆ ಮಾತ್ರ ಪಡೆದು, ಕವಲಿನಲ್ಲಿ ಕೊಳೆತ ತರಗೆಲೆಯಲ್ಲಿ ಬೇರೂರುತ್ತದೆ. ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಇಂಗ್ಲೆಂಡಿನ ವಿಲಿಯಂ ಬಕ್ಲಿ ಎಂಬ ತೋಟಗಾರ ಅಂಥ ಎರಡು ಜಾತಿಗಳನ್ನು ಕೂಡಿಸಿ ಪಡೆದ ಮಿಶ್ರತಳಿಯೇ ಹಳೆಯ ಕ್ರಿಸ್‌ಮಸ್ ಕಳ್ಳಿ. ಈಗ ಅಂಗಡಿಗಳಲ್ಲಿ ಸಿಗುವುದರಲ್ಲಿ ಹೆಚ್ಚಿನವು ಅಂಚಿನಲ್ಲಿ ಚೂಪು ಹಲ್ಲುಗಳಿರುವ ಇನ್ನೊಂದು ಜಾತಿಯವು. ಅವು ಸ್ವಲ್ಪ ಮುಂಚೆಯೇ ಹೂ ಬಿಡುತ್ತವೆ. ಆರೈಕೆ ಎರಡಕ್ಕೂ ಒಂದೇ.

ತವರು ತಿಳಿದರೆ ಆರೈಕೆ ತಾನಾಗಿ ತಿಳಿಯುತ್ತದೆ. ಕುಂಡದ ಮಣ್ಣು ಗಟ್ಟಿಯಾಗಿರಕೂಡದು. ಎಲೆಗೊಬ್ಬರ ಎರಡು ಪಾಲು, ದಪ್ಪ ಮರಳು ಒಂದು ಪಾಲು, ಇಟ್ಟಿಗೆ ಚೂರು, ಇದ್ದಿಲು ಸ್ವಲ್ಪ ಸೇರಿಸಿದರೆ ಸಾಕು. ಎರಡು ಮೂರು ಗೆಣ್ಣಿನ ತುಂಡನ್ನು ತಿರುಚಿ ಮುರಿದು, ಗಾಯ ಒಣಗಲು ಎರಡು ದಿನ ನೆರಳಿನಲ್ಲಿಟ್ಟು, ಕೆಳಗಿನ ಗೆಣ್ಣು ಅರ್ಧ ಮುಳುಗುವಂತೆ ನೆಡತಕ್ಕದ್ದು. ಮೇಲಿನ ಒಂದು ಅಂಗುಲ ಮಣ್ಣು ಒಣಗಿದ ಮೇಲೆ ನೀರು. ಕುಂಡದ ತಳದಲ್ಲಿ ನೀರು ನಿಲ್ಲಬಾರದು. ಬೆಳಗಿನ ಎಳೆಬಿಸಿಲು ಒಳ್ಳೆಯದು. ಮಧ್ಯಾಹ್ನದ ಬಿಸಿಲು ತಾಗಿದರೆ ಗೆಣ್ಣುಗಳು ಕೆಂಪಾಗಿ ಬಾಡುತ್ತವೆ. ತೆಳ್ಳಗಿನ ಗೊಬ್ಬರದ ನೀರನ್ನು ಬೇಸಿಗೆಯಿಂದ ಮಳೆಗಾಲ ಮುಗಿಯುವವರೆಗೆ ಕೊಟ್ಟು, ಸೆಪ್ಟೆಂಬರಿನಲ್ಲಿ ನಿಲ್ಲಿಸಬೇಕು. ನೀರನ್ನೂ ಆಗ ಸ್ವಲ್ಪ ಹಿಡಿಯಬೇಕು. ಮೊಗ್ಗು ಕಂಡ ಮೇಲೆ ಕುಂಡವನ್ನು ಅತ್ತಿತ್ತ ಒಯ್ಯಬಾರದು, ಮೊಗ್ಗು ಉದುರುತ್ತದೆ. ಹೀಗೆ ನೋಡಿಕೊಂಡರೆ ಗಿಡ ಹತ್ತಾರು ವರ್ಷ ಬಾಳಿ ಮಕ್ಕಳ ಕಾಲಕ್ಕೂ ಉಳಿಯುತ್ತದೆ.

ಇಷ್ಟನ್ನೂ ಮಾಡುತ್ತಿದ್ದೆ. ಗಿಡ ನಾಲ್ಕು ವರ್ಷ ತಪ್ಪದೆ ಹೂ ಕೊಟ್ಟಿತು. ಐದನೆಯ ವರ್ಷ ಒಂದು ಮೊಗ್ಗೂ ಇಲ್ಲ. ಹಸಿವೆಂದು ಬಗೆದು ಸಗಣಿ ಗೊಬ್ಬರ ಸುರಿದೆ. ಬೇರು ಅರ್ಧ ಕೊಳೆಯಿತು. ಆರನೆಯ ವರ್ಷವೂ ಹೂವಿಲ್ಲ. ಮಕ್ಕಳಿಗೆ ಬುದ್ಧಿ ಹೇಳುವ ನಾನು ಒಂದು ಕುಂಡದ ಮುಂದೆ ಸೋತು ಕೂತೆ.

ದಾರಿ ತೋರಿಸಿದವರು ನಮ್ಮ ತಾಯಿ. ಆ ಕಾರ್ತಿಕದಲ್ಲಿ ಅವರು ಬೇಲಿಯ ಪಕ್ಕದ ಅವರೆ ಸಾಲನ್ನು ನೋಡಿ ಬಂದು, "ಏನಪ್ಪಾ ಮೇಷ್ಟ್ರೇ, ಆ ಕೊನೆಯ ಅವರೆಯೆಲ್ಲ ಹೂ ಹೊತ್ತಿದೆ, ದೀಪದ ಕೆಳಗಿನದು ಬರೀ ಸೊಪ್ಪು ಮಾಡಿಕೊಂಡು ನಿಂತಿದೆಯಲ್ಲ. ಅದಕ್ಕೆ ನಿದ್ದೆಯಿಲ್ಲವೇನೋ" ಎಂದರು. ನನಗೆ ಆಗ ಹೊಳೆಯಿತು. ನಮ್ಮ ಮನೆಯ ಮುಂದೆ ಬೆಳ್ಳಗಿನ ಎಲ್‌ಇಡಿ ಬೀದಿದೀಪ ಬಂದು ಎರಡು ವರ್ಷವಾಗಿತ್ತು. ಅದರ ಬೆಳಕು ಸಂಜೆಯಿಂದ ಬೆಳಗಿನವರೆಗೆ ಬೇಲಿಯ ಮೇಲೂ ಜಗಲಿಯ ಮೇಲೂ ಬೀಳುತ್ತಿತ್ತು.

ತರಬೇತಿಯಲ್ಲಿ ನಮಗೆ ಕಲಿಸಿದ ಸೂತ್ರ, ತಿಳಿದುದರಿಂದ ತಿಳಿಯದುದಕ್ಕೆ ಹೋಗು ಎಂಬುದು. ಅವರೆ ನಮಗೆ ತಿಳಿದದ್ದು. ನಾಡ ಅವರೆಯನ್ನು ಸ್ವಲ್ಪ ಹಿಂದೆ ಮುಂದೆ ಬಿತ್ತಿದರೂ ಅದು ಹೂ ಬಿಡುವುದು ಇರುಳು ಬೆಳೆಯುವ ಕಾಲಕ್ಕೇ. ಸೊಗಡಿನ ಕಾಯಿ ಮಾರ್ಗಶಿರ ಪುಷ್ಯಕ್ಕೆ ಬರುವುದು ಇದರಿಂದಲೇ. ಹೊಸೂರಿನ ಸೀಮೆಯಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಅಷ್ಟನ್ನೇ ಗಿಡ ಅಳೆದುಕೊಳ್ಳುತ್ತದೆ. ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು ಹೊಗೆಸೊಪ್ಪು, ಸೋಯಾ ಅವರೆಗಳ ಮೇಲೆ ಪರೀಕ್ಷೆ ನಡೆಸಿ ಹಗಲಿನ ಉದ್ದಕ್ಕೂ ಹೂವಿಗೂ ಇರುವ ನಂಟನ್ನು 1920ರಲ್ಲಿ ಪ್ರಕಟಿಸಿದರು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಎಂಬವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅಂಟುಗಾಯಿಯ ಒಂದು ಕಳೆಗಿಡದಲ್ಲಿ, ಉದ್ದದ ಇರುಳಿನ ನಡುವೆ ಸ್ವಲ್ಪ ಹೊತ್ತು ಬೆಳಕು ಬಿಟ್ಟರೂ ಹೂ ನಿಲ್ಲುತ್ತದೆಂದು ತೋರಿಸಿದರು. ಅಂದರೆ ಗಿಡ ಎಣಿಸುವುದು ಮುಖ್ಯವಾಗಿ ಕಡಿಯದ ಕತ್ತಲನ್ನು.

ಕ್ರಿಸ್‌ಮಸ್ ಕಳ್ಳಿಯೂ ಇದೇ ಗುಂಪಿನದು. ಅದರ ತವರಾದ ಬ್ರೆಜಿಲಿನಲ್ಲಿ ಅದಕ್ಕೆ ಮೇ ಹೂ ಎಂದೇ ಹೆಸರು. ಭೂಮಧ್ಯರೇಖೆಯ ಆಚೆ ಇರುಳು ಬೆಳೆಯುವುದು ಆ ತಿಂಗಳುಗಳಲ್ಲಿ. ನಾನು ಸೆಪ್ಟೆಂಬರಿನ ಕೊನೆಯಲ್ಲಿ ಕುಂಡವನ್ನು ಹಿತ್ತಿಲ ಕೋಣೆಯ ಕಿಟಕಿಗೆ ಒಯ್ದೆ. ಹಗಲು ಬೆಳಕು, ಸಂಜೆ ಆರರಿಂದ ದೀಪವಿಲ್ಲ. ಆರು ವಾರದಲ್ಲಿ ಗೆಣ್ಣುಗಳ ತುದಿಯಲ್ಲಿ ಕೆಂಪು ಕಾಳಿನಂಥ ಮೊಗ್ಗುಗಳು ಎದ್ದವು. ಅಂಥ ಕೋಣೆ ಇಲ್ಲದವರು ಸಂಜೆ ಆರರಿಂದ ಬೆಳಗ್ಗೆ ಏಳರವರೆಗೆ ಒಂದು ರಟ್ಟಿನ ಪೆಟ್ಟಿಗೆ ಕವುಚಿದರೂ ಆಗುತ್ತದೆ. ರಾತ್ರಿ ತಂಪೂ ಬೇಕು. ಸೆಕೆ ಇಳಿಯದ ಬಯಲುಸೀಮೆಯಲ್ಲಿ ಹೂ ಕಡಿಮೆ.

ಕುಂಡದ ಕಥೆ ಇಲ್ಲಿಗೆ ಮುಗಿಯಿತು. ಕುಂಡವನ್ನು ಎತ್ತಿ ಒಳಗಿಡಬಹುದು. ಹೊಲವನ್ನು ಎತ್ತಿ ಎಲ್ಲಿಡುವುದು? ದೀಪದ ಕೆಳಗಿನ ಅವರೆ ಎರಡು ವರ್ಷ ತಡವಾಗಿ ಹೂ ಬಿಟ್ಟು, ಕಾಯಿ ಕಟ್ಟುವ ಹೊತ್ತಿಗೆ ತೇವ ಆರಿತು. ಅದು ನಮ್ಮ ತಾಯಿ ತಮ್ಮ ತವರಿನಿಂದ ಸೆರಗಿನಲ್ಲಿ ಕಟ್ಟಿ ತಂದು ಉಳಿಸಿಕೊಂಡ ಬಿತ್ತನೆ. ಕಾಲದ ಹಂಗಿಲ್ಲದ ಹೆಬ್ಬಾಳದ ಅವರೆ ತಳಿಗಳಿವೆಯಲ್ಲ ಎನ್ನುವಿರಿ. ಇವೆ, ಅವು ಬಹಳ ಉಪಕಾರ ಮಾಡಿವೆ. ಆದರೆ ಬಿತ್ತನೆ ಬದಲಿಸುವ ಮೊದಲು ಬೆಳಕನ್ನು ತಿರುಗಿಸಬಾರದೇಕೆ?

ದೀಪ ಬೇಡವೆಂದು ನಾನು ಹೇಳುತ್ತಿಲ್ಲ. ಆ ದೀಪ ಬೇಕೆಂಬ ಅರ್ಜಿಗೆ ನಾನೂ ರುಜು ಹಾಕಿದವನೇ. ಕತ್ತಲಲ್ಲಿ ಹಾವು ತುಳಿಯಬಾರದು, ಹೆಣ್ಣುಮಕ್ಕಳು ಧೈರ್ಯವಾಗಿ ಓಡಾಡಬೇಕು. ನಮ್ಮ ಕಡೆಯ ಸೇವಂತಿಗೆ ಬೆಳೆಗಾರರು ಹೊಲದಲ್ಲಿ ರಾತ್ರಿ ಬಲ್ಬು ಉರಿಸುವುದನ್ನು ನೀವು ಕಂಡಿರಬಹುದು. ಅವರು ಗಿಡವನ್ನು ಬೆಳೆಸಿಕೊಂಡು, ಬೇಕಾದಾಗ ದೀಪ ಆರಿಸಿ ಹೂ ತರಿಸುತ್ತಾರೆ. ಅವರು ತಿಳಿದು ಮಾಡುವುದನ್ನು ನಾವು ತಿಳಿಯದೆ ಮಾಡುತ್ತಿದ್ದೇವೆ. ಅವರಿಗೆ ಲಾಭ, ನಮಗೆ ನಷ್ಟ.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟೆ. ದೀಪದ ಬೆಳಕು ದಾರಿಯ ಮೇಲೆ ಬೀಳಲಿ, ಹೊಲದ ಮೇಲೆ ಬೀಳುವುದು ಬೇಡ. ನಾನು ಎಣ್ಣೆ ಡಬ್ಬದ ತಗಡನ್ನು ಬಾಗಿಸಿ ಕೊಟ್ಟೆ. ಲೈನ್‌ಮನ್ ಕೈಲಿ ಅದನ್ನು ದೀಪದ ಹೊಲದ ಬದಿಗೆ ಮರೆ ಕಟ್ಟಿಸಿದೆವು. ಕಂಬಕ್ಕೆ ನಾವಾಗಿ ಹತ್ತಬಾರದು. ಕಳೆದ ಸಲ ದೀಪದ ಬುಡದ ನಾಲ್ಕು ಗಿಡ ಮಾತ್ರ ಹಿಂದೆ ಬಿದ್ದವು, ಮಿಕ್ಕವು ಕಾಯಿ ಕಟ್ಟಿದವು. ಸಂಕ್ರಾಂತಿಗೆ ಹಿದಕಿದ ಬೇಳೆಯ ಸಾರಾಯಿತು, ತಾಯಿಯ ಗಡಿಗೆಗೆ ಬಿತ್ತನೆಯೂ ಸೇರಿತು. ನಿಮ್ಮ ಊರಲ್ಲೂ ಹೊಸ ಕಂಬ ನೆಡುವ ದಿನ ಮನೆಯ ಹಿರಿಯರೊಬ್ಬರನ್ನು ಕರೆದು, ಬೆಳಕು ಎತ್ತ ಬೀಳುತ್ತದೆಂದು ನಿಂತು ನೋಡಿ. ಆಮೇಲೆ ಅರ್ಜಿ ಬರೆಯುವುದಕ್ಕಿಂತ ಅದು ಸುಲಭ.